ರಫ್ತಿನ ಕಾಗದಪತ್ರ: ಸರಕು ಹೊರಡುವ ಮೊದಲೇ ನೋಡಿ

ಎಲ್ಲರಿಗೂ ನಮಸ್ಕಾರ. ಸರಕು ಬಂದರು ಸೇರಿದ ಮೇಲೆ ಕಾಗದ ಹುಡುಕುವುದು ಬೇಡ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಪೆಟ್ಟಿಗೆಗಳ ಲೆಕ್ಕ, ತೂಕ ತಾಳೆಯಾಗಬೇಕು. ಒಮ್ಮೆ ನನ್ನ ಸರಕು ನಿಂತಿದ್ದು ತೂಕದಲ್ಲಿ ಬರೀ ಒಂದು ಅಂಕಿ ತಪ್ಪಿದ್ದಕ್ಕೆ!

ಎಚ್‌ಎಸ್ ಕೋಡ್‌ನ (ಸರಕು ಯಾವ ಬಗೆಯದು ಅಂತ ಕಸ್ಟಮ್ಸ್‌ಗೆ ತಿಳಿಸುವ ಸಂಖ್ಯೆ) ಮೊದಲ 6 ಅಂಕಿ ಬಹುತೇಕ ಎಲ್ಲ ದೇಶಗಳಲ್ಲೂ ಒಂದೇ. ಮುಂದಿನವು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಖರೀದಿದಾರರು ಕೊಟ್ಟ ಕೋಡನ್ನು ಸುಮ್ನೆ ನಕಲು ಮಾಡಬೇಡಿ. ವಿವರದಲ್ಲಿ 'ಬಿಡಿಭಾಗ' ಅಂತಷ್ಟೇ ಬರೆದರೆ ಸಾಲದು. ಯಾವ ಯಂತ್ರದ್ದು, ಯಾವ ಲೋಹದ್ದು ಅಂತ ಹೇಳಿ.

ಮರದ ಪ್ಯಾಲೆಟ್ ಇದ್ದರೆ ಐಎಸ್‌ಪಿಎಂ 15 ಮುದ್ರೆ (ಮರದಿಂದ ಕೀಟ ಹರಡದಂತೆ ಸಂಸ್ಕರಿಸಿದ್ದಕ್ಕೆ ಗುರುತು) ಇದೆಯಾ ನೋಡಿ. ಇದನ್ನು ಮರೆಯುವವರೇ ಜಾಸ್ತಿ. ಸರ್ಟಿಫಿಕೇಟ್ ಆಫ್ ಒರಿಜಿನ್ (ಸರಕು ಯಾವ ದೇಶದಲ್ಲಿ ತಯಾರಾಯಿತು ಅನ್ನುವ ಪ್ರಮಾಣಪತ್ರ) ಬೇಕಾದವರು ಇವತ್ತೇ ಅರ್ಜಿ ಹಾಕಿ.