ಮಳೆಗಾಲದಲ್ಲಿ ನಿಂತ ಗಾಡಿಯ ಬ್ಯಾಟರಿ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ್ತಿ. ಮನೆಯಲ್ಲಿ ಒಂದು 407 ಗಾಡಿ, ಅಂದರೆ ಸಣ್ಣ ಲಾರಿ, ಇದೆ. ನಮ್ಮ ಯಜಮಾನರು ಇದ್ದಾಗ ತೆಗೆದುಕೊಂಡಿದ್ದು. ಅವರು ಹೋದ ಮೇಲೆ ಗಾಡಿ ಮಾರಿಬಿಡಿ ಅಂತ ಬಹಳ ಜನ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಸುಗ್ಗಿಯಲ್ಲಿ ಅಡಿಕೆ ಮೂಟೆ ಮಂಡಿಗೆ ಹೋಗಬೇಕು, ಬೇಸಿಗೆಯಲ್ಲಿ ಗೊಬ್ಬರ ಬರಬೇಕು. ಆಗೆಲ್ಲ ಮೈದುನನ ಮಗ ಬಂದು ಓಡಿಸಿಕೊಡುತ್ತಾನೆ. ಜೂನ್ ಮೊದಲ ವಾರ ಶೆಡ್ಡು ಸೇರಿದ ಗಾಡಿ ಹೊರಗೆ ಬರುವುದು ಆಯುಧಪೂಜೆಗೇ. ಹತ್ತಿರ ಹತ್ತಿರ ನಾಲ್ಕು ತಿಂಗಳು ನಿಂತಲ್ಲೇ ನಿಂತಿರುತ್ತದೆ.

ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ನಮ್ಮ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯಲು ಬಂದವರೊಬ್ಬರು ಮರದಿಂದ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟು. ಕೂರಿಸಿಕೊಂಡು ಹೋಗುವ ಹಾಗಿರಲಿಲ್ಲ, ಮಲಗಿಸಿಕೊಂಡೇ ಹೋಗಬೇಕು. ಗಾಡಿ ಇದೆಯಲ್ಲ ಅಂತ ಓಡಿದೆವು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಶಬ್ದ, ಅಷ್ಟೇ. ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಅಂಗಳದ ತುಂಬ ಕೆಸರು, ಚಕ್ರ ಹೂತುಹೋಯಿತು. ಪಕ್ಕದ ಊರಿಂದ ಜೀಪು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಅವರು ನೋವಿನಲ್ಲಿ ನರಳುತ್ತಾ ಜಗಲಿಯ ಮೇಲೆ ಮಲಗಿದ್ದರು. ಈಗ ಅವರು ಓಡಾಡುತ್ತಿದ್ದಾರೆ, ದೇವರು ದೊಡ್ಡವನು. ಆದರೆ ಆ ಮುಕ್ಕಾಲು ಗಂಟೆಯನ್ನು ನಾನು ಮರೆತಿಲ್ಲ. ಮನೆಯಲ್ಲಿ ಗಾಡಿ ಇಟ್ಟುಕೊಂಡೂ ಕೈಕಟ್ಟಿ ನಿಂತಿದ್ದೆವು.

ಅದು ನಾವು ಮೂರು ವರ್ಷದಲ್ಲಿ ಹಾಕಿಸಿದ ಎರಡನೇ ಬ್ಯಾಟರಿ. ಇನ್ನೂ ವಾರಂಟಿ ಇತ್ತು. ಕೊಂಡ ಅಂಗಡಿಗೆ ಒಯ್ದರೆ, 'ಚಾರ್ಜ್ ಇಲ್ಲದೆ ಇಟ್ಟಿದ್ದೀರಿ, ಇದಕ್ಕೆ ವಾರಂಟಿ ಬರೋದಿಲ್ಲ' ಅಂದರು. ಅವರ ನಿಯಮ ಹಾಗೇ ಇರಬಹುದು. ಆದರೆ ಬ್ಯಾಟರಿ ಕೊಡುವ ದಿನವೇ ಆ ಮಾತು ಹೇಳಬಹುದಿತ್ತು, ಅಲ್ವಾ? ಗಾಡಿ ಎಷ್ಟು ಓಡುತ್ತೆ, ಎಷ್ಟು ದಿನ ನಿಲ್ಲುತ್ತೆ ಅಂತ ಒಬ್ಬರೂ ಕೇಳಲಿಲ್ಲ.

ಆಮೇಲೆ ಮೈದುನನ ಮಗ ವೋಲ್ಟ್, ಕರೆಂಟು ಅಳೆಯುವ ಒಂದು ಮಲ್ಟಿಮೀಟರ್ ತಂದುಕೊಟ್ಟು ನೋಡುವುದು ಹೇಗೆ ಅಂತ ಕಲಿಸಿದ. ಈಗ ನಾನೇ ನೋಡುತ್ತೇನೆ, ಕಷ್ಟವೇನಿಲ್ಲ. ಗಾಡಿ ರಾತ್ರಿಯೆಲ್ಲ ಸುಮ್ನೆ ನಿಂತಿದ್ದ ಮೇಲೆ, 12 ವೋಲ್ಟಿನ ಬ್ಯಾಟರಿಯಲ್ಲಿ 12.6ರ ಮೇಲಿದ್ದರೆ ತುಂಬಿದೆ ಅಂತ ಅರ್ಥ. 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಹೋದರೆ ಬಹುತೇಕ ಖಾಲಿ. 12 ಅಂತ ಕಂಡಾಗ ಸರಿಯಾಗಿದೆ ಅಂದುಕೊಂಡಿದ್ದೆ. ಆ ಸಣ್ಣ ವ್ಯತ್ಯಾಸದಲ್ಲೇ ಎಲ್ಲ ಇದೆ ಅಂತ ಆಗ ಗೊತ್ತಿರಲಿಲ್ಲ.

ನಿಂತ ಗಾಡಿಯಲ್ಲಿ ಬ್ಯಾಟರಿ ಯಾಕೆ ಇಳಿಯಬೇಕು? ಒಂದು, ಏನೂ ಜೋಡಿಸದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಸೆಖೆ ಹೆಚ್ಚಿದಷ್ಟೂ ಬೇಗ. ಇನ್ನೊಂದು, ಕೀಲಿ ತೆಗೆದ ಮೇಲೂ ಗಾಡಿ ಕರೆಂಟು ಕುಡಿಯುತ್ತಲೇ ಇರುತ್ತದೆ. ಕಳ್ಳರ ಭಯಕ್ಕೆ ನಾವೊಂದು ಜಿಪಿಎಸ್ ಹಾಕಿಸಿದ್ದೆವು. ಟೇಪ್‌ರೆಕಾರ್ಡರಿನ ಗಡಿಯಾರ ಬೇರೆ. ಎಲ್ಲ ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ನಡುವೆ ಮೀಟರ್ ಇಟ್ಟು ನೋಡಿದಾಗ 40 ಮಿಲಿ ಆಂಪಿಯರ್ ತೋರಿಸಿತು. (ಹೀಗೆ ಮೀಟರ್ ಇಟ್ಟಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಲು ಹೋಗಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.) 40 ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ 24 ಗಂಟೆಗೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ಒಂದು ಆಂಪಿಯರ್ ಅವರ್, ಅಂದರೆ ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದಷ್ಟು. ನಮ್ಮದು 100 ಆಂಪಿಯರ್ ಅವರ್ ಬ್ಯಾಟರಿ. ಜೂನ್‌ನಲ್ಲಿ ತುಂಬಿಸಿಟ್ಟರೂ ಆಯುಧಪೂಜೆ ಹೊತ್ತಿಗೆ ಏನು ಉಳಿದೀತು?

ಖಾಲಿ ಆಗಿದ್ದನ್ನು ಮತ್ತೆ ತುಂಬಿಸಿದರಾಯಿತು ಅನ್ನುವ ಹಾಗೂ ಇಲ್ಲ. ಬ್ಯಾಟರಿ ಇಳಿದಾಗ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಮೊದಲಿನ ಶಕ್ತಿ ಬರುವುದಿಲ್ಲ. ನಮ್ಮ ಎರಡು ಬ್ಯಾಟರಿ ಸತ್ತದ್ದು ಹೀಗೇ.

ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಂದು ಮಳೆಗಾಲ ಪೂರ್ತಿ ಮಾಡಿಸಿದೆ. ಪ್ರಯೋಜನ ಆಗಲಿಲ್ಲ. ನಿಂತಲ್ಲೇ ಇಂಜಿನ್ ಓಡಿದರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೊಡುವ ಕರೆಂಟೇ ಕಡಿಮೆ. ಅರ್ಧ ಇಳಿದ ಬ್ಯಾಟರಿ ತುಂಬಲು ಹತ್ತು ನಿಮಿಷ ಸಾಲದು, ಗಂಟೆಗಟ್ಟಲೆ ಬೇಕು. ಜೊತೆಗೆ ಇಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ನೀರಿನ ಪಸೆ ಉಳಿಯುತ್ತದೆ. ಡೀಸೆಲ್ ಬೇರೆ ಖರ್ಚು.

ಹೋದ ವರ್ಷ ಮೇ ತಿಂಗಳಲ್ಲಿ ಬ್ಯಾಟರಿ ಮೇಂಟೇನರ್ ಅನ್ನುವ ಸಣ್ಣ ಪೆಟ್ಟಿಗೆ ತರಿಸಿದೆ. ಎರಡೂವರೆ ಸಾವಿರ ಕೊಟ್ಟೆ. ಹೊಸ ಬ್ಯಾಟರಿಗೆ ಅದರ ಮೂರು ಪಟ್ಟು ಜಾಸ್ತಿ ಕೊಟ್ಟಿದ್ದೆ. ಗ್ಯಾರೇಜಿನ ದೊಡ್ಡ ಚಾರ್ಜರ್ ಬೇರೆ, ಇದು ಬೇರೆ. ದೊಡ್ಡದನ್ನು ಹಾಕಿ ಮರೆತರೆ ಬ್ಯಾಟರಿ ಕುದಿಯುತ್ತದೆ, ನೀರು ಆರುತ್ತದೆ. ಇದು ಒಂದು ಆಂಪಿಯರಿನಷ್ಟೇ ನಿಧಾನವಾಗಿ ಕೊಡುತ್ತದೆ. ತುಂಬಿದ ಮೇಲೆ ತಾನೇ 13.5 ವೋಲ್ಟ್ ಆಸುಪಾಸಿಗೆ ಇಳಿದು, ಸೋರಿಹೋದಷ್ಟನ್ನು ಮಾತ್ರ ತುಂಬುತ್ತಾ ಕೂರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಡಬಹುದು. ಬರೀ ಟ್ರಿಕಲ್ ಚಾರ್ಜರ್ ಅಂತ ಮಾರುವ ಅಗ್ಗದ ಕೆಲವಕ್ಕೆ ಹೀಗೆ ಇಳಿಯುವುದು ಗೊತ್ತಿಲ್ಲ. ಕೊಳ್ಳುವಾಗ ಕೇಳಿ ನೋಡಿ. ಹೋದ ಕರೆಂಟು ಮತ್ತೆ ಬಂದಾಗ ತಾನೇ ಶುರುವಾಗುತ್ತದಾ ಅಂತಲೂ ಕೇಳಿ. ನಮ್ಮ ಕಡೆ ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟು ಹೋಗುವುದು ಹೊಸದಲ್ಲ. ಅಷ್ಟಕ್ಕೆ ಬ್ಯಾಟರಿಗೆ ಏನೂ ಆಗುವುದಿಲ್ಲ. ಕರೆಂಟು ಬಂದ ಮೇಲೆ ಪೆಟ್ಟಿಗೆ ಏಳದೇ ಇದ್ದರೆ ಕಷ್ಟ.

ಹೆಂಗಸರೂ ಮಾಡಬಹುದಾದ ಕೆಲಸ ಇದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೊದಲು ಕೆಂಪು ಕ್ಲಿಪ್ ಪ್ಲಸ್‌ಗೆ, ಆಮೇಲೆ ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರದ ಚಾಸಿ ಕಬ್ಬಿಣಕ್ಕೆ, ಕೊನೆಗೆ ಗೋಡೆಯ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಬೆಂಕಿ ಹತ್ತುವ ಗಾಳಿ ಅದು. ಆದ್ದರಿಂದ ಶೆಡ್ಡಿಗೆ ಗಾಳಿ ಆಡಬೇಕು, ಅಲ್ಲಿ ಯಾರೂ ಬೀಡಿ ಹಚ್ಚಬಾರದು. ಗುಡುಗು ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡುತ್ತೇನೆ. ವೈರನ್ನು ಮೇಲಿನಿಂದ ಇಳಿಬಿಟ್ಟಿದ್ದೇನೆ, ನೆಲದಲ್ಲಿ ಎಳೆದರೆ ಇಲಿ ಬಿಡುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಟರಿಯ ಮುಚ್ಚಳ ಬಿಚ್ಚಿ ನೋಡಿ, ನೀರು ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ. ಬಾವಿ ನೀರು ಹಾಕಬಾರದು.

ದೊಡ್ಡ ಲಾರಿ ಇಟ್ಟವರಿಗೆ ಒಂದು ಮಾತು. ಅವುಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ಪೆಟ್ಟಿಗೆ ತಂದು ಒಂದಕ್ಕೆ ಮಾತ್ರ ಹಾಕಿದರೆ ಒಂದು ತುಂಬಿ ಇನ್ನೊಂದು ಸೊರಗುತ್ತದೆ. 24ರದೇ ತನ್ನಿ. ಶೆಡ್ಡಿನಲ್ಲಿ ಕರೆಂಟೇ ಇಲ್ಲದಿದ್ದರೆ ಬ್ಯಾಟರಿಯ ಸಂಪರ್ಕ ತಪ್ಪಿಸುವ ಕಟ್-ಆಫ್ ಸ್ವಿಚ್ ಹಾಕಿಸಿ, ಇಲ್ಲವೇ ಮೈನಸ್ ವೈರ್ ಬಿಚ್ಚಿಡಿ. ಗಾಡಿ ಕುಡಿಯುವುದಾದರೂ ನಿಲ್ಲುತ್ತದೆ. ಆದರೂ ತಿಂಗಳು ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಲೇಬೇಕು.

ಹೋದ ಮಳೆಗಾಲ ಪೂರ್ತಿ ನಮ್ಮ ಬ್ಯಾಟರಿ ತುಂಬಿಕೊಂಡೇ ಇತ್ತು. ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಪಕ್ಕದ ಮನೆಯ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನನಗೆ ಕಣ್ಣು ತುಂಬಿ ಬಂತು.

ಇದನ್ನು ಬರೆಯುವುದಕ್ಕೆ ಕಾರಣ ಇದೆ. ಬರೀ ನಮ್ಮ ಮನೆಯದಲ್ಲ ಈ ಕತೆ. ಬೇಸಿಗೆಯಲ್ಲಿ ಮಾತ್ರ ಓಡುವ ನೀರಿನ ಟ್ಯಾಂಕರ್, ದಾನಿಗಳು ಕೊಟ್ಟ ಊರಿನ ಆಂಬುಲೆನ್ಸ್, ದೇವಸ್ಥಾನದ ಗಾಡಿ, ಇವೆಲ್ಲ ಹೀಗೇ ನಿಂತಿರುತ್ತವೆ. ಅವುಗಳ ಬ್ಯಾಟರಿ ನೋಡುವುದು ಯಾರ ಕೆಲಸವೂ ಅಲ್ಲ. ಬೇಕಾದ ದಿನವೇ ಕೈಕೊಡುತ್ತವೆ. ಒಬ್ಬರ ಹೆಸರಿಗೆ ಆ ಕೆಲಸ ವಹಿಸಿ ಅಂತ ಪಂಚಾಯಿತಿಯವರಲ್ಲಿ, ಸಮಿತಿಯವರಲ್ಲಿ ಕೇಳಿಕೊಳ್ಳುತ್ತೇನೆ. ಬ್ಯಾಟರಿ ಮಾರುವವರು ಬಿಲ್ಲಿನ ಜೊತೆ ಎರಡು ಮಾತು ತಿಳಿಸಿ ಹೇಳಲಿ. ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿಯೂ ಈ ವಿಷಯ ಬರಲಿ. ಮೇ ತಿಂಗಳಲ್ಲಿ, ಗಾಡಿಗಳು ಶೆಡ್ಡು ಸೇರುವ ಮೊದಲೇ ಬಂದರೆ ಉಪಕಾರವಾಗುತ್ತದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ್ತಿ, ಸಾಗರ ತಾಲ್ಲೂಕು