ಮಗಳಿಗೊಂದು ಪತ್ರ: ಬ್ಯಾಗನ್ನ ಒಳಗಡೆ ತಿರುಗ್ಸಿ ನೋಡವ್ವ

ನಿನ್ನೆ ನೀನು ಅರ್ಧ ಮಾತಲ್ಲೇ ಫೋನ್ ಇಟ್ಬಿಟ್ಟೆ, ಆಮೇಲೆ ಮಾಡಿದ್ರೂ ಎತ್ತಲಿಲ್ಲ, ಅದಕ್ಕೇ ವಾಟ್ಸಾಪಲ್ಲಿ ಬರೀತಿದೀನಿ ಕಣವ್ವ. ನಾನೂ ಧ್ವನಿ ಜೋರು ಮಾಡ್ದೆ, ಮನಸ್ಸಲ್ಲಿ ಇಟ್ಕೋಬೇಡ. ಕುಮಾರ ಪರ್ವತಕ್ಕೆ ಹೋಗ್ಬೇಡ ಅಂತ ಹೇಳ್ತಿಲ್ಲ, 1712 ಮೀಟರ್ ಬೆಟ್ಟ ಹತ್ತಕ್ಕೆ ನನ್ ಮಗಳು ಹೊರಟವ್ಳೆ ಅಂತ ಬ್ಲೌಸ್ ಹೊಲ್ಸಕ್ಕೆ ಬಂದೋರ್ಗೆಲ್ಲ ಹೇಳ್ಕೊಂಡಿದೀನಿ. ಆದ್ರೆ ನೀನು ಫೋಟೋ ಕಳ್ಸಿದ್ ಆ ಆಫರ್ ಬ್ಯಾಗು ಬೇಡ.



ನನ್ ಭಯ ಎಲ್ಲಾ ಆ ಭುಜದ ಪಟ್ಟಿ ಮೇಲೇನೇ. ಜೂನ್ ಬಂತು ಅಂದ್ರೆ ಅಂಗಡಿಗೆ ಸ್ಕೂಲ್ ಬ್ಯಾಗ್‌ಗಳು ರಿಪೇರಿಗೆ ಬರ್ತವೆ, ಬಟ್ಟೆ ಹರಿದಿರೋದು ಕಮ್ಮಿ, ಪಟ್ಟಿ ಬುಡ ಕಿತ್ಕೊಂಡಿರೋದೇ ಜಾಸ್ತಿ. ಅಂಚಿನ್ ಪಕ್ಕಕ್ಕೇ ಒಂದ್ ಹೊಲಿಗೆ ಓಡ್ಸಿರ್ತಾರೆ, ಒಳಗೆ ಬಟ್ಟೆನೇ ಬಿಟ್ಟಿರಲ್ಲ, ಭಾರ ಬಿದ್ದಾಗ ದಾರ ಗಟ್ಟಿ ಇದ್ರೂ ಬಟ್ಟೆ ನೂಲೇ ಜಾರ್ಕೊಂಡ್ ಬಂದ್ಬಿಡುತ್ತೆ. ಹತ್ತೋವಾಗ ಕಿತ್ರೆ ಪರ್ವಾಗಿಲ್ಲ, ಇಳಿಯೋವಾಗ ಒಂದೊಂದ್ ಹೆಜ್ಜೆಗೂ ಬ್ಯಾಗು ಜಗ್ಗುತ್ತೆ, ಕಲ್ಲು ಒದ್ದೆ ಇರುತ್ತೆ, ಒಂದ್ ಪಟ್ಟಿ ಬಿಟ್ಕೊಂಡ್ರೆ ಭಾರ ಎಲ್ಲಾ ಒಂದೇ ಕಡೆ ವಾಲಿ ನಿನ್ನೂ ಎಳ್ಕೊಂಡ್ ಹೋಗುತ್ತೆ. ಮಲಗಿದ್ರೂ ಅದೇ ಕಣ್ಮುಂದೆ ಬರ್ತದೆ ಮಗಾ.

ಅದಕ್ಕೇ ಹೇಳ್ತಿರೋದು, ಯಾವ್ ಬ್ಯಾಗ್ ತಗೊಂಡ್ರೂ ಒಳಗಡೆ ತಿರುಗ್ಸಿ ನೋಡು. ಪಟ್ಟಿ ಸೇರೋ ಜಾಗದಲ್ಲಿ ಒತ್ತೊತ್ತಾಗಿ ಬಾರ್‌ಟ್ಯಾಕ್ ಹೊಲಿಗೆ ಹಾಕಿರ್ಬೇಕು, ಜೀನ್ಸ್ ಬೆಲ್ಟ್ ಲೂಪಲ್ಲಿ ಇರುತ್ತಲ್ಲ, ಅದು. ಒಳಗಿನ್ ಬಟ್ಟೆ ಅಂಚಿಗೆ ಬೇರೆ ಬಟ್ಟೆ ತುಂಡು ಮಡ್ಚಿ ಹೊಲ್ದಿರ್ಬೇಕು, ನೂಲು ಎದ್ದಿರ್ಬಾರ್ದು. ಭುಜದ್ ಪಟ್ಟಿನ ಜೋರಾಗಿ ಎಳಿ, ಹೊಲಿಗೆ ತೂತಲ್ಲಿ ಬೆಳಕು ಕಂಡ್ರೆ ಅಲ್ಲೇ ಇಟ್ಬಿಡು. 900 ಡೀನಿಯರ್ ಅಂತ ಬರ್ದವ್ರೆ ಅಂದ್ಯಲ್ಲ, ಅದು 9000 ಮೀಟರ್ ನೂಲು ಎಷ್ಟ್ ಗ್ರಾಂ ತೂಗುತ್ತೆ ಅನ್ನೋ ಲೆಕ್ಕ ಅಷ್ಟೇ. ನೂಲಿನ್ ದಪ್ಪ ಹೇಳುತ್ತೆ, ಹೊಲಿಗೆ ವಿಷ್ಯ ಹೇಳಲ್ಲ. ಒಂದೇ ದಪ್ಪ ಇದ್ರೆ ಪಾಲಿಯೆಸ್ಟರ್‌ಗಿಂತ ನೈಲಾನ್ ಗಟ್ಟಿ.

ಒಂದಿನಕ್ಕೆ 25 ಲೀಟರ್ ಸಾಕು, ದೊಡ್ದು ತಗೊಂಡ್ರೆ ಏನೇನೋ ತುಂಬ್ಕೊಂಡ್ ಹೋಗ್ತೀಯ. ಎದೆ ಮೇಲಿನ್ ಬಕಲ್, ಸೊಂಟದ್ ಪಟ್ಟಿ ಎರಡೂ ಇರ್ಲಿ. ರೇನ್ ಕವರ್ ನಂಬ್ಕೊಂಡ್ ಕೂರ್ಬೇಡ, ಬೆನ್ನಿನ್ ಕಡೆಯಿಂದ ನೀರು ಇಳಿಯುತ್ತೆ, ಒಣ ಬಟ್ಟೆನ ಒಳಗೇ ಪ್ಲಾಸ್ಟಿಕ್ ಕವರಲ್ಲಿ ಕಟ್ಟು. ಸಾಕ್ಸು ಒಂದ್ ಜೊತೆ ಜಾಸ್ತಿ ಇಟ್ಕೋ, ಮೊಬೈಲ್ ಚಾರ್ಜು… ಸರಿ ಬಿಡು, ಅದೆಲ್ಲ ನಿಂಗೇ ಗೊತ್ತಿರುತ್ತೆ.

ಆಗ್ಲೇ ತಗೊಂಡ್ಬಿಟ್ಟಿದ್ರೆ ಬೈಯಲ್ಲ. ಗುರುವಾರ ಕೆಲ್ಸ ಮುಗಿಸ್ಕೊಂಡು ಮೈಸೂರಿಂದ ಬಸ್ ಹತ್ತಿ ಬ್ಯಾಗ್ ತಗೊಂಡ್ ಬಾ, ಮಿಷಿನ್‌ಗೆ 18ನೇ ನಂಬರ್ ಸೂಜಿ, ನೈಲಾನ್ ದಾರ ಹಾಕಿಟ್ಟಿರ್ತೀನಿ, ರಾತ್ರಿನೇ ಹೊಲ್ದ್ ಕೊಡ್ತೀನಿ.