ಹೆಸರು ಕೂಗಿದರಂತೆ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಹೋದ ತಿಂಗಳು ನನ್ನ ಅಂಗವೈಕಲ್ಯದ ಕಾರ್ಡಿನ ಕೆಲಸಕ್ಕೆ ಒಂದು ಕಡೆ ಹೋಗಿದ್ದೆ. ಯಾವ ಜಾಗ ಅಂತ ಹೇಳುವುದಿಲ್ಲ, ಅಲ್ಲಿನವರ ಮೇಲೆ ಸಿಟ್ಟಿಲ್ಲ. ಬೆಳಿಗ್ಗೆ ಎಂಟೂವರೆಗೇ ಚೀಟಿ ಕೊಟ್ಟು, ಬಾಗಿಲಿಗೆ ನೇರವಾಗಿ ಕಾಣುವ ಬೆಂಚಿನಲ್ಲಿ ಕೂತೆ. ನೀರು ಕುಡಿಯಲೂ ಏಳಲಿಲ್ಲ. ಒಂದು ಗಂಟೆಗೆ ಊಟಕ್ಕೆಂದು ಬಾಗಿಲು ಹಾಕಿದರು. ಹೋಗಿ ವಿಚಾರಿಸಿದರೆ ಗುಮಾಸ್ತರು ರಿಜಿಸ್ಟರ್ ತಿರುಗಿಸಿ, ನನ್ನ ಹೆಸರಿನ ಮುಂದಿನ ಕೆಂಪು ಗೆರೆ ತೋರಿಸಿದರು. ಮೂರು ಸಲ ಕೂಗಿದರಂತೆ. ನಾನು ಬರಲಿಲ್ಲವಂತೆ.

ಕಿವಿ ಕೇಳುವುದಿಲ್ಲ ಅಂತ ಬರೆದುಕೊಡುವ ಜಾಗ ಅದು! ಮೊದಲನೇ ಕೂಗಿಗೇ ನಾನು ಎದ್ದು ಹೋಗಿದ್ದರೆ ಕಾರ್ಡು ಕೊಡುತ್ತಿದ್ದರಾ?

ನನ್ನ ಬದುಕಿನ ಅರ್ಧ ಈ 'ಅಂತೆ'ಯಲ್ಲೇ ಕಳೆದಿದೆ. ಬಸ್ಸು ಬೇರೆ ಪ್ಲಾಟ್‌ಫಾರಂಗೆ ಬರುತ್ತದೆ ಅಂತ ಮೈಕಲ್ಲಿ ಹೇಳಿದರಂತೆ. ಕುಕ್ಕರ್ ಏಳು ವಿಷಲ್ ಹಾಕಿತಂತೆ. ರಾತ್ರಿ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕೂತು ನಗುವಾಗ, 'ಏನಂತೆ?' ಎಂದು ಅತ್ತಿಗೆಯ ಸೆರಗು ಜಗ್ಗುತ್ತೇನೆ. 'ಏನಿಲ್ಲ, ಆಮೇಲೆ ಹೇಳ್ತೀನಿ' ಅನ್ನುತ್ತಾರೆ. ಆ 'ಆಮೇಲೆ' ಅಪರೂಪಕ್ಕೆ ಬರುತ್ತದೆ. ಬಂದರೂ ಅರ್ಧ ಗಂಟೆಯ ನಗು ನಾಲ್ಕು ಮಾತಿಗೆ ಇಳಿದಿರುತ್ತದೆ.

ನನಗೆ ಐದು ವರ್ಷವಿದ್ದಾಗ ಮಿದುಳು ಜ್ವರ ಬಂದು ಎರಡೂ ಕಿವಿ ಹೋದವು. ಅಷ್ಟರಲ್ಲಿ ಕನ್ನಡ ಬಂದಿತ್ತು, ಅದಕ್ಕೇ ಈ ಪತ್ರ ಬರೆಯಲು ಆಗುತ್ತಿದೆ. ನಮ್ಮನೆಯವರು ಹುಟ್ಟಿನಿಂದಲೇ ಕಿವುಡರು. ಊರು ಹೊಸನಗರದ ಕಡೆ, ಕಾಡಿನ ನಡುವೆ ಒಂಟಿ ಮನೆ. ಮಲೆನಾಡಿನಲ್ಲಿ ದೂರವನ್ನೂ ಕೂಗಿನಲ್ಲೇ ಅಳೆಯುತ್ತಾರೆ ನೋಡಿ, ತೋಟದಾಚೆಯ ಮನೆ ಒಂದು ಕೂಗಳತೆ. ಆ ಲೆಕ್ಕದಲ್ಲಿ ಇವರಿಗೆ ಎಲ್ಲ ಮನೆಯೂ ದೂರವೇ. ಹತ್ತೊಂಬತ್ತು ವರ್ಷ ಆಗುವವರೆಗೆ ತಮ್ಮ ಹಾಗಿನ ಇನ್ನೊಬ್ಬರನ್ನು ಇವರು ಕಂಡೇ ಇರಲಿಲ್ಲ. ಮನೆಯೊಳಗಿನ ಸನ್ನೆ ಒಂದಿಷ್ಟು ಇತ್ತು: ಕೊಂಬು ಎಂದರೆ ದನ, ಅಡಕತ್ತರಿ ಒತ್ತಿದಂತೆ ಮಾಡಿದರೆ ಅಡಿಕೆ. ಶಿವಮೊಗ್ಗಕ್ಕೆ ಬಂದು, ಪ್ರೆಸ್ ಒಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲಿದ್ದ ಇಬ್ಬರು ಕಿವುಡರಿಂದ ಸನ್ನೆ ಭಾಷೆ ಕಲಿತರು. ಮೊದಲ ವರ್ಷ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲವಂತೆ. ಅಷ್ಟು ಮಾತು ಬಾಕಿ ಇತ್ತು.

ತುಟಿ ನೋಡಿ ಅರ್ಥ ಮಾಡ್ಕೊಳ್ಳಿ ಅನ್ನುವವರು ಜಾಸ್ತಿ. ಕನ್ನಡಿ ಮುಂದೆ ನಿಂತು, ಸದ್ದು ಮಾಡದೆ 'ಮರ', 'ಬರ', 'ಪರ' ಅಂದು ನೋಡಿ. ಮೂರಕ್ಕೂ ತುಟಿ ಒಂದೇ. ಸಾಲದ್ದಕ್ಕೆ ನಮ್ಮದು ಅಡಿಕೆ ಸೀಮೆ. ಕವಳ ಹಾಕಿಕೊಂಡು, ರಸ ಚೆಲ್ಲದ ಹಾಗೆ ಕತ್ತು ಮೇಲೆತ್ತಿ ಮಾತಾಡುವ ನಮ್ಮ ಮಾವನವರ ತುಟಿ ಓದಲು ಆ ದೇವರಿಗೂ ಆಗಲಿಕ್ಕಿಲ್ಲ.

ಆದರೆ ಮಗನನ್ನು ಕರೆಯಲು ಅವರೇ ಒಂದು ಉಪಾಯ ಮಾಡಿಕೊಂಡಿದ್ದರು. ಹಳೇ ಮನೆಯ ಉಪ್ಪರಿಗೆಯದು ಹಲಗೆ ನೆಲ. ಹಿಮ್ಮಡಿಯಿಂದ ಎರಡು ಸಲ ಗುದ್ದಿದರೆ ಹಲಗೆ ಅದುರಿ, ಮಗ ತಿರುಗಿ ನೋಡುತ್ತಿದ್ದರು. ಈಚೆಗೆ ರಿಪೇರಿ ಮಾಡಿಸಿ ಟೈಲ್ಸ್ ಹಾಕಿಸಿದ್ದಾರೆ. ಚೆಂದ ಆಗಿದೆ, ಗುದ್ದಿದರೆ ಕಾಲು ನೋಯುತ್ತದೆ ಅಷ್ಟೇ. ಈಗ ಲೈಟಿನ ಸ್ವಿಚ್ ಒತ್ತಿ ಆರಿಸಿ ಕರೆಯಬೇಕು, ಮಳೆಗಾಲದಲ್ಲಿ ಕರೆಂಟ್ ಇದ್ದರೆ ತಾನೆ? ಕತ್ತಲಾದರೆ ನಮ್ಮ ಮಾತೂ ಅಲ್ಲಿಗೇ ನಿಂತಿತು. ಟಾರ್ಚ್ ಹಿಡಿದರೆ ಮಾತಾಡಲು ಒಂದೇ ಕೈ ಉಳಿಯುತ್ತದೆ. ಅದಕ್ಕೆ ಅಕ್ಕಿ ಡಬ್ಬಿಯ ಮೇಲೆ ಟಾರ್ಚ್ ನೆಟ್ಟಗೆ ನಿಲ್ಲಿಸಿ, ಬೆಳಕು ಮಾಡಿಗೆ ಬಿಟ್ಟು, ಎದುರುಬದುರು ಕೂತು ಅರ್ಧಕ್ಕೆ ನಿಂತ ಜಗಳ ಮುಗಿಸುತ್ತೇವೆ.

ಇಷ್ಟೆಲ್ಲ ನಾವು ಹೇಗೋ ಮಾಡಿಕೊಳ್ಳುತ್ತೇವೆ. ಮಾಡಿಕೊಳ್ಳಲು ಆಗದ್ದು ಒಂದಿದೆ, ಅದನ್ನು ಹೇಳಲೇಬೇಕು.

ಎರಡು ವರ್ಷದ ಹಿಂದೆ ನನಗೆ ಮುಟ್ಟಿನ ತೊಂದರೆ ಆಗಿ, ಆಸ್ಪತ್ರೆಗೆ ಹೋದೆ. ಮಗಳಿಗೆ ಆಗ ಒಂಬತ್ತು ವರ್ಷ. ಅವಳಿಗೆ ಕಿವಿ ಕೇಳುತ್ತದೆ, ಹಾಗಾಗಿ ಎಲ್ಲಿ ಹೋದರೂ ಅವಳೇ ನಮ್ಮ ದುಭಾಷಿ. ನಾನು ಬರೆದುಕೊಡಿ ಅಂದೆ. ಡಾಕ್ಟರು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಗೆರೆ ಗೀಚಿ, ಅವಳ ಕಡೆ ತಿರುಗಿ ಮಾತಾಡಿದರು. ಎಷ್ಟು ದಿನ ರಕ್ತ ಹೋಗುತ್ತದೆ, ದಿನಕ್ಕೆ ಎಷ್ಟು ಬಟ್ಟೆ ಬದಲಿಸುತ್ತಾರೆ, ಎಲ್ಲ ಅವಳ ಬಾಯಿಂದ, ಅವಳ ಕೈಯಿಂದ. ಆಮೇಲೆ ಡಾಕ್ಟರು ಏನೋ ಹೇಳಿದರು. ಮಗಳು ಸುಮ್ನೆ ನಿಂತಳು. 'ಗರ್ಭಕೋಶ'ಕ್ಕೆ ಅವಳಿಗೆ ಸನ್ನೆ ಗೊತ್ತಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಎರಡೂ ಕೈಯಲ್ಲಿ ಪಾಪು ತೂಗಿದಳು. ಬೆರಳ ತುದಿ ಸೇರಿಸಿ ಸೂರು ಮಾಡಿದಳು. ಪಾಪುವಿನ ಮನೆ. ನನ್ನ ಹೊಟ್ಟೆ ಮುಟ್ಟಿ, ಕಿತ್ತು ಆಚೆ ಇಟ್ಟಳು. ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ನನ್ನ ಮುಖ ನೋಡುತ್ತಿದ್ದಳು, ತಾನು ತಪ್ಪು ಹೇಳಿದೆನಾ ಅಂತ.

ಕೊನೆಗೆ ಆಪರೇಷನ್ ಬೇಕಾಗಲಿಲ್ಲ, ಮಾತ್ರೆಯಲ್ಲೇ ಸರಿಹೋಯಿತು. ಆದರೆ ಆ ರಾತ್ರಿ ಮಗಳು ನನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಮಲಗಿದ್ದಳು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಾದರೆ ಕಿವುಡು ಎಂದು ಅಳತೆ ಹೇಳಿದ ಕಾಯ್ದೆಯೇ, ಸಂವಹನ ಅಂದರೆ ಸನ್ನೆಯೂ ಸೇರಿತು, ಪರದೆಯ ಮೇಲಿನ ಅಕ್ಷರವೂ ಸೇರಿತು ಅನ್ನುತ್ತದೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ನಿಘಂಟು ಮಾಡಿದೆ. ಗರ್ಭಕೋಶಕ್ಕೆ ಸನ್ನೆ ಹುಡುಕುವ ಕೆಲಸ ಒಂಬತ್ತು ವರ್ಷದ ಹುಡುಗಿಯದಲ್ಲ, ಅಲ್ವಾ? ತರಬೇತಿ ಪಡೆದ ದುಭಾಷಿ ಪ್ರತಿ ತಾಲ್ಲೂಕಿಗೂ ಬೇಕು ಎಂದು ಹಟ ಮಾಡುವುದಿಲ್ಲ. ಜಿಲ್ಲೆಗೆ ಒಬ್ಬರು ಸಾಕು. ಸಾಗರದಲ್ಲೋ ಸೊರಬದಲ್ಲೋ ಕಿವುಡರೊಬ್ಬರು ಆಸ್ಪತ್ರೆಗೆ ಬಂದರೆ, ನರ್ಸ್ ವಿಡಿಯೊ ಕಾಲ್ ಮಾಡಿ ಮೊಬೈಲ್ ಮೇಜಿನ ಮೇಲೆ ನಿಲ್ಲಿಸಿದರೆ ಆಯಿತು.

ಹೆಸರು ಕೂಗುವ ಕಡೆಗಳಲ್ಲಿ ನಂಬರ್ ಬೋರ್ಡು ಹಾಕಿಸಿ. ಬ್ಯಾಂಕುಗಳಲ್ಲಿ ಇರುತ್ತದಲ್ಲ, ಕೆಂಪು ದೀಪದ ಅಂಕಿ, ಅಂಥದ್ದು. ದುಡ್ಡಿಲ್ಲದಿದ್ದರೆ ಕರಿಹಲಗೆ, ಸೀಮೆಸುಣ್ಣ. ವಯಸ್ಸಾದವರಿಗೂ ಅನುಕೂಲ.

ಇನ್ನು ಹೊಳೆ ವಿಷಯ. 2019ರ ಆಗಸ್ಟ್‌ನಲ್ಲಿ ತುಂಗೆ ಊರೊಳಗೆ ನುಗ್ಗಿದಾಗ ನಾವಿದ್ದ ಬೀದಿಯಲ್ಲೂ ಮೈಕಿನಲ್ಲಿ ಸಾರಿಕೊಂಡು ಹೋದರಂತೆ. ನಮಗೆ ಗೊತ್ತಾಗಿದ್ದು ಚಾಪೆ ಒದ್ದೆಯಾದಾಗ. ಆವತ್ತಿನಿಂದ ನಮ್ಮನೆಯವರು ಜೋರು ಮಳೆ ಬಂದರೆ ಕೋರ್ಪಲಯ್ಯನ ಛತ್ರದ ಹತ್ತಿರ ಹೋಗಿ, ಹೊಳೆಯೊಳಗಿನ ಮಂಟಪ ಎಷ್ಟು ಮುಳುಗಿದೆ ನೋಡಿ ಬರುತ್ತಾರೆ. ಶಿವಮೊಗ್ಗದವರೆಲ್ಲ ನೋಡುವುದು ಅದನ್ನೇ. ಕಲ್ಲಿನ ಮಂಟಪ ನಮಗೂ ಬೇರೆಯವರಿಗೂ ಒಂದೇ ಥರ ಹೇಳುತ್ತದೆ. 2023ರಲ್ಲಿ ಒಮ್ಮೆ ಪರೀಕ್ಷೆಗೆಂದು ಎಲ್ಲರ ಮೊಬೈಲಿಗೂ ಎಚ್ಚರಿಕೆ ಬಂದು ಫೋನ್ ಗಡಗಡ ನಡುಗಿತಲ್ಲ, ಆ ಸದ್ದಿಗೆ ಅಕ್ಕಪಕ್ಕದವರು ಬೆಚ್ಚಿಬಿದ್ದರಂತೆ. ನಾವು ಖುಷಿಪಟ್ಟೆವು. ತುಂಗೆಯ ಗಾಜನೂರು ಡ್ಯಾಮಿನ ಗೇಟು ತೆಗೆಯುವಾಗ ಹಾಗೆ ನಡುಗಿಸಿ, ಕನ್ನಡದಲ್ಲಿ ಎರಡು ಸಾಲು ಬರೆದು.

ಪೇಪರಿನವರು ಅಧಿಕಾರಿಗಳದು 'ಜಾಣ ಕಿವುಡು' ಎಂದು ಬರೆದಾಗೆಲ್ಲ ನನಗೆ ನಗು ಬರುತ್ತದೆ. ಕಿವುಡರ ಎದುರು ಯಾರಾದರೂ ಬಂದು ನಿಂತರೆ ಕಣ್ಣು ತೆಗೆಯದೆ ನೋಡುತ್ತೇವೆ, ನಮಗೆ ಬೇರೆ ದಾರಿಯಿಲ್ಲ. ಆ ಬೈಗುಳಕ್ಕೆ ಬೇರೆ ಹೆಸರು ಹುಡುಕಲಿ.

ಭಾನುವಾರ ಸಂಜೆ ನಾವು ಹದಿನೈದಿಪ್ಪತ್ತು ಜನ ಪಾರ್ಕಿನಲ್ಲಿ ಸೇರುತ್ತೇವೆ. ಕತ್ತಲಾದ ಮೇಲೂ ಹೊರಡಲು ಮನಸ್ಸು ಬಾರದೆ ಬೀದಿ ದೀಪದ ಕೆಳಗೆ ಹೋಗಿ ನಿಲ್ಲುತ್ತೇವೆ. ಒಮ್ಮೆ ಬನ್ನಿ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆ ಹೆಸರಿದೆ. ನಮ್ಮನೆಯವರದು ಹುಬ್ಬಿನ ಮೇಲಿನ ಗಾಯದ ಗುರುತು, ನನ್ನದು ಸೂಜಿಗೆ ದಾರ ಪೋಣಿಸುವುದು, ಟೈಲರ್ ನಾನು. ಆ ಹೆಸರನ್ನು ತಾವೇ ಇಟ್ಟುಕೊಳ್ಳುವ ಹಾಗಿಲ್ಲ, ಕಿವುಡರೇ ಇಡಬೇಕು. ನಿಮ್ಮನ್ನು ಅರ್ಧ ಗಂಟೆ ನೋಡಿದರೆ ನಿಮಗೂ ಒಂದು ಇಡುತ್ತೇವೆ. ಮೂಗೋ ಮೀಸೆಯೋ ಕನ್ನಡಕವೋ ಯಾವುದು ನಮ್ಮ ಕೈಗೆ ಸಿಗುತ್ತದೋ ಗೊತ್ತಿಲ್ಲ, ಬೇಜಾರು ಮಾಡ್ಕೋಬೇಡಿ.

ಬರುವ ಮುಂಚೆ ಫೋನ್ ಮಾಡಿಸಬೇಡಿ. ಮೆಸೇಜ್ ಹಾಕಿ.

ಇಂತಿ,
ಕೆಂಪು ಗೆರೆ ಬಿದ್ದ ಹೆಸರಿನವಳು
ಶಿವಮೊಗ್ಗ